ಅಂಗೈಗೊಂದು ಕನ್ನಡಿ

ಸಾಬೂನು ಡಬ್ಬಿಯಷ್ಟೇ ಇದೆ ಯಂತ್ರ.
ಬಾಯಿಗೆ ಗಾಜು, ಒಳಗೆ ನೀಲಿ ಬೆಳಕು.
ಪ್ರತಿ ಕೈಗೂ ಮೊದಲು
ಅದಕ್ಕೊಂದು ಬಿಳಿ ಬಿಲ್ಲೆ ತೋರಿಸಬೇಕು:
ಏನೂ ಇಲ್ಲ ಅಂದರೆ ಹೀಗಿರುತ್ತೆ, ನೋಡಿಕೋ,
ಈಗ ಇರುವುದನ್ನು ಹೇಳು, ಅಂತ.

ಶಿವಮೊಗ್ಗದ ಎಪಿಎಂಸಿ ಯಾರ್ಡು, ಬೆಳಗಿನ ಆರೂವರೆ.
ಟೊಮೆಟೊ ಹರಾಜಿನ ಕೂಗು ಇನ್ನೂ ಇಳಿದಿಲ್ಲ.
ಚಹಾ ಗಾಡಿಯ ಪಕ್ಕ ನನ್ನ ಮಡಚುವ ಮೇಜು,
ಮೇಲೊಂದು ಬ್ಯಾನರು:
ಚರ್ಮದ ಮೂಲಕ ಪೋಷಕಾಂಶ ಮಾಪನ, ಉಚಿತ.
ಉಚಿತ ಎಂಬುದನ್ನಷ್ಟೇ ಓದಿ ಬಂದವರು ಬಹಳ.
'ಶಾಸ್ತ್ರ ಹೇಳ್ತೀಯೇನವ್ವಾ?' ಎಂದಳು
ಕೊತ್ತಂಬರಿ ಕಟ್ಟಿನ ಹಾಲಮ್ಮ,
'ಮಗಳ ಮದುವೆ ಯಾವಾಗ, ಅದೊಂದು ನೋಡು.'

ರೇಖೆಯಲ್ಲ ಅಮ್ಮ, ಅದರ ಕೆಳಗಿನ ಹಳದಿ.
ತಿಂದ ಸೊಪ್ಪು, ಪರಂಗಿ, ಗಜ್ಜರಿ
ರಕ್ತದಲ್ಲಿ ತಿರುಗಿ ತಿರುಗಿ ಸುಸ್ತಾಗಿ
ಚರ್ಮದ ಹಿತ್ತಿಲಲ್ಲಿ ಬಂದು ಕೂರುತ್ತವೆ;
ಬೆಳಕು ಹೋಗಿ ತಲೆ ಎಣಿಸಿ ಬರುತ್ತದೆ.
ಎಷ್ಟು ನೀಲಿ ಹೋಯಿತು, ಎಷ್ಟು ಮರಳಿತು,
ನಡುವೆ ಕಳೆದುಹೋದದ್ದೇ ನೀವು ಉಂಡದ್ದು.

ಹಾಲಮ್ಮನಿಗೆ ನೂರ ಎಂಬತ್ತೆಂಟು. ಕಡಿಮೆ.
'ದಿನಾ ಸೊಪ್ಪಲ್ಲೇ ಬಿದ್ದಿರ್ತೀನಲ್ಲೇ!'
ಅಂದವಳು ತಾನೇ ಕಟ್ಟಿಗೆ ನೀರು ಚಿಮುಕಿಸುತ್ತ,
'ಮಾರಿದ್ದು ಮೈಗೆ ಹತ್ತುತ್ತಾ' ಎಂದಳು.

ಅಂಗೈಯೇ ಯಾಕೆ? ಅಲ್ಲಿ ಬಿಸಿಲು ಬರೆಯುವುದು ಕಡಿಮೆ.
ಮುಖಕ್ಕೊಂದು ಬಣ್ಣ, ಬೆನ್ನಿಗೊಂದು,
ಅಂಗೈ ಮಾತ್ರ ಎಲ್ಲರದೂ ಸುಮಾರು ಒಂದೇ.
ಹಾಗಂತ ತರಬೇತಿಯಲ್ಲಿ ಹೇಳಿದ್ದರು.

ಗಿರಣಿಯ ಜೈತುನ್‌ಬಿ ಕೈಯಿಟ್ಟಳು. ಏಳುನೂರ ಹನ್ನೆರಡು!
ಹೆದರಿದೆ. ಉಗುರಿನ ಸಂದಿ ನೋಡಿದೆ: ಅರಿಸಿನ.
ಎರಡು ಸಲ ಸೋಪು ಹಾಕಿ ತೊಳೆಸಿದರೂ ಐನೂರ ಮೂವತ್ತು.
'ಬರ್ಕೊಳ್ಳೇ, ಯಾಕ್ ಕಮ್ಮಿ ಮಾಡ್ತೀ,
ಇಪ್ಪತ್ ವರ್ಷ ಬೀಸಿದ್ದೀನಿ, ಒಳಗೂ ಇಳಿದಿರುತ್ತೆ.'
ತಿಂದದ್ದು ಯಾವುದು, ಮೆತ್ತಿದ್ದು ಯಾವುದು,
ಯಂತ್ರಕ್ಕೆ ತಿಳಿಯದು.
ನನಗೂ ಅಷ್ಟೇ.

ಆಮೇಲೆ ತಿರಕಪ್ಪ. ಹಮಾಲಿ,
ತೋಳಿನ ಬಿಲ್ಲೆ ನಂಬರು ನಲವತ್ತೊಂದು.
ಹೊನ್ನಾಳಿ ಲಾರಿಯಿಂದ ಕುಂಬಳಕಾಯಿ ಇಳಿಸಿ,
ಊಟಿ ಗಜ್ಜರಿಯ ಮೂಟೆ ಇಳಿಸಿ,
ಟವೆಲಿಗೆ ಕೈ ಒರೆಸಿಕೊಂಡು ಬಂದ.
ಗಾಜಿಗೆ ಅಂಗೈ ಒತ್ತಿದ. ನೀಲಿ ಹತ್ತಿತು, ಆರಿತು.
ಮತ್ತೊಮ್ಮೆ ಪ್ರಯತ್ನಿಸಿ.
ಬಿಳಿ ಬಿಲ್ಲೆ ತೋರಿಸಿದೆ. ಒತ್ತಿದ.
ಮತ್ತೊಮ್ಮೆ ಪ್ರಯತ್ನಿಸಿ.
ಮೂರನೆಯ ಸಲಕ್ಕೆ ನಕ್ಕ:
'ಬಾಗ್ಲು ತಟ್ಟಿ ತಟ್ಟಿ ವಾಪಸ್ ಹೋಗ್ತೈತಲ್ಲವ್ವಾ,
ಒಳಗ್ ಯಾರೂ ಇಲ್ಲೇನು?'

ಕೈ ಹಿಡಿದು ನೋಡಿದೆ.
ಕೊಕ್ಕೆ ಹಿಡಿಯುವ ಬೆರಳ ಬುಡದಲ್ಲಿ ನಾಲ್ಕು ಗಂಟು,
ಹೆಬ್ಬೆರಳ ಕೆಳಗೆ ಲಾಳದಂಥ ಜಡ್ಡು,
ಒತ್ತಿದರೆ ಚರ್ಮವಲ್ಲ, ಹಳೇ ಟೈರು.
ಮೂವತ್ತು ವರ್ಷದ ಹಳದಿ ಅವನ ಬೆನ್ನ ಮೇಲೇ ದಾಟಿದೆ;
ದಾಟಿಸಿದ ಕೈ ತನಗೆ ತಾನೇ ಗೋಡೆ ಕಟ್ಟಿಕೊಂಡಿದೆ.

ನಿನ್ನೆ ಏನು ಉಂಡಿರಿ? ಬಾಯಲ್ಲೇ ಕೇಳಿದೆ.
'ಮುದ್ದೆ. ಸಾರು.'
ಸಾರಲ್ಲಿ?
ಸ್ವಲ್ಪ ಹೊತ್ತು ಯೋಚಿಸಿದ.
'ಸಾರು.'

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ಹುಣ್ಣು ಒಣಗಿ ಕಲ್ಲಾದ ಮೇಲೆ
ಕನ್ನಡಿಗೂ ಕಾಣದು ಎಂಬುದನ್ನು
ಗಾದೆ ಮಾಡಿದವರು ಹೇಳಲಿಲ್ಲ.

ಸಂಜೆ ಡಾಕ್ಟರ್ ಮೇಡಂ ಪಟ್ಟಿ ನೋಡಿದರು.
'ಅಂಕಿ ಇಲ್ಲದ ಸಾಲು ತೆಗೆದುಬಿಡು, ಲೆಕ್ಕಕ್ಕೆ ಬರಲ್ಲ.'
ಅವರು ಕೆಟ್ಟವರಲ್ಲ, ಬಸ್ಸಿಗೆ ತಡವಾಗಿತ್ತು.
ಹನ್ನೊಂದು ಸಾಲು. ಹನ್ನೊಂದೂ ಹಮಾಲರು.
ತೆಗೆದೆ.
ಪಟ್ಟಿ ಚೆಂದ ಕಂಡಿತು, ಉದ್ದಕ್ಕೂ ಅಂಕಿಯೇ ಅಂಕಿ,
ಯಾರ್ಡಿನಲ್ಲಿ ಮೂಟೆಗಳು
ತಾವಾಗಿಯೇ ಲಾರಿಯಿಂದ ಇಳಿದವು.

ಅಳಿಸಿದ್ದನ್ನು ಮರಳಿ ತಂದೆ.
ನಲವತ್ತೊಂದರ ಮುಂದೆ, ಅಂಕಿ ಕೇಳುವ ಖಾನೆಯಲ್ಲಿ
'ಸಾರು' ಎಂದು ಬರೆದೆ.
ಕಂಪ್ಯೂಟರು ಅದನ್ನು ಕೆಂಪು ಮಾಡಿ ತೋರಿಸಿತು.